ಬೀಗ ಹಾಕಿಟ್ಟ ಹಿರೋಷಿಮಾ: 16 ನಿಮಿಷದ ಒಂದು ಸಾಕ್ಷ್ಯಚಿತ್ರದ ಪ್ರಕರಣ ಅಧ್ಯಯನ

ಅಣುಬಾಂಬ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಮುಂದೆ ಬರುವುದು ಒಂದು ಮೋಡ. ಅಣಬೆಯ ಆಕಾರದ, ದೂರದ ಮೋಡ. ಇತಿಹಾಸದ ಪುಸ್ತಕದಲ್ಲೂ ಅದೇ ಚಿತ್ರ, ಆಗಸ್ಟ್ 6 ಬಂದಾಗ ಟಿವಿಯಲ್ಲಿ ಕಾಣುವುದೂ ಅದೇ. ಆ ಮೋಡದ ಕೆಳಗೆ ಇದ್ದ ಜನರಿಗೆ ಏನಾಯಿತು ಅನ್ನುವುದನ್ನು ಅಮೆರಿಕದ ಜನಸಾಮಾನ್ಯರು ತೆರೆಯ ಮೇಲೆ ಸರಿಯಾಗಿ ನೋಡಿದ್ದು 1970ರಲ್ಲಿ. ಬಾಂಬ್ ಬಿದ್ದು 24 ವರ್ಷ ದಾಟಿತ್ತು. ಜಪಾನಿನ ಕ್ಯಾಮೆರಾಮನ್‌ಗಳು ಅದನ್ನೆಲ್ಲ 1945ರ ಕೊನೆಯ ತಿಂಗಳುಗಳಲ್ಲೇ ಚಿತ್ರೀಕರಿಸಿದ್ದರು. ಫಿಲ್ಮ್ ಡಬ್ಬಿಗಳು ಭದ್ರವಾಗಿಯೇ ಇದ್ದವು. ಬೀಗದೊಳಗೆ.

'ಹಿರೋಷಿಮಾ-ನಾಗಸಾಕಿ, ಆಗಸ್ಟ್ 1945' ಎಂಬ 16 ನಿಮಿಷದ ಕಪ್ಪು-ಬಿಳುಪು ಸಾಕ್ಷ್ಯಚಿತ್ರದ ಕಥೆ ಇದು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಎರಿಕ್ ಬಾರ್ನೌ ಇದರ ನಿರ್ಮಾಪಕರು. ಅವರು ಕ್ಯಾಮೆರಾ ಹಿಡಿದು ಜಪಾನಿಗೆ ಹೋಗಲಿಲ್ಲ. ಬೇರೆಯವರು, ಬೇರೆ ಉದ್ದೇಶಕ್ಕೆ, ಬೇರೆಯವರ ಅಪ್ಪಣೆಯಲ್ಲಿ ತೆಗೆದ ಫುಟೇಜ್ ಇಟ್ಟುಕೊಂಡು ಆರಿಸಿದರು, ಜೋಡಿಸಿದರು. ಅದೇ ಫಿಲ್ಮ್ ಮೊದಲು ಬಾಂಬಿನ ತಾಕತ್ತು ಅಳೆಯುವ ವರದಿಯಾಗಿತ್ತು. ಆಮೇಲೆ ಯಾರೂ ನೋಡಬಾರದ ಗುಟ್ಟಾಯಿತು. ಕೊನೆಗೆ ಬಾಂಬಿಗೆ ಸಿಕ್ಕ ಜನರ ಪರವಾಗಿ ನಿಂತ ಸಾಕ್ಷಿಯಾಯಿತು. ಶಾಟ್‌ಗಳು ಅವೇ. ಆರಿಸಿದ ಕೈ ಮಾತ್ರ ಬೇರೆ. ಯುದ್ಧ ಮತ್ತು ಶಾಂತಿಯ ಬಗ್ಗೆ ಹಳೆಯ ಫುಟೇಜ್‌ನಿಂದ ಮಾಡಿದ ಚಿತ್ರಗಳನ್ನು ನಾವೀಗ ಜಾಸ್ತಿ ನೋಡುತ್ತೇವೆ. ನೋಡುವಾಗ "ಇದು ನಿಜವಾದ ದೃಶ್ಯ" ಅನ್ನುವ ನಂಬಿಕೆ ತಾನಾಗಿಯೇ ಬಂದುಬಿಡುತ್ತದೆ. ಆ ನಂಬಿಕೆಯನ್ನು ಸ್ವಲ್ಪ ತಡೆದು, ಇದನ್ನು ಯಾರು ತೆಗೆದರು, ಯಾರು ಇಟ್ಟುಕೊಂಡರು, ಯಾರು ಕತ್ತರಿಸಿದರು ಅಂತ ಕೇಳಬೇಕು. ಹಾಗೆ ಕೇಳುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ.

ಆ ದಿನದ ಚಿತ್ರಗಳು

1945ರ ಆಗಸ್ಟ್ 6, ಬೆಳಿಗ್ಗೆ 8.15. ಹಿರೋಷಿಮಾದ ಮೇಲೆ ಬಾಂಬ್ ಸಿಡಿಯಿತು. ಆ ಗಳಿಗೆಯ ಚಲನಚಿತ್ರ ಇದೆ. ಬಾಂಬ್ ಹಾಕಿದ ವಿಮಾನದ ಜೊತೆ ಹೋಗಿದ್ದ ಇನ್ನೊಂದು ವಿಮಾನದಲ್ಲಿ ಹೆರಾಲ್ಡ್ ಆಗ್ನ್ಯೂ ಎಂಬ ಭೌತವಿಜ್ಞಾನಿ ಇದ್ದರು. ಅವರ ಹತ್ತಿರ 16 ಎಂಎಂ ಕ್ಯಾಮೆರಾ ಇತ್ತು. ಏಳುತ್ತಿರುವ ಮೋಡವನ್ನು ಅವರು ಸೆರೆಹಿಡಿದರು. ಅಲುಗಾಡುವ, ಸದ್ದಿಲ್ಲದ ಕೆಲವೇ ಕ್ಷಣಗಳ ಫಿಲ್ಮ್ ಅದು. ಮೇಲಿನಿಂದ ನೋಡಿದ ಹಿರೋಷಿಮಾ.

ಕೆಳಗೆ, ನೆಲದ ಮೇಲೆ, ಯೋಷಿಟೊ ಮಾತ್ಸುಷಿಗೆ ಎಂಬ ಪತ್ರಿಕಾ ಛಾಯಾಗ್ರಾಹಕರಿದ್ದರು. ಚುಗೋಕು ಶಿಂಬುನ್ ಪತ್ರಿಕೆಯವರು. ಅವರ ಮನೆ ಸ್ಫೋಟದ ಕೇಂದ್ರದಿಂದ ಸುಮಾರು 2.7 ಕಿಲೋಮೀಟರ್ ದೂರ, ಹಾಗಾಗಿ ಬದುಕಿದರು. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟವರು ಮಿಯುಕಿ ಸೇತುವೆಯ ಹತ್ತಿರ ನಿಂತುಬಿಟ್ಟರು. ಅಲ್ಲಿ ಸುಟ್ಟ ಮೈಯ ಶಾಲಾಮಕ್ಕಳು ರಸ್ತೆಯ ಮೇಲೆ ಕೂತಿದ್ದರು. ಒಬ್ಬರು ಅವರಿಗೆ ಅಡುಗೆ ಎಣ್ಣೆ ಹಚ್ಚುತ್ತಿದ್ದರು. ಮಾತ್ಸುಷಿಗೆ ಅವರಿಗೆ ಬಟನ್ ಒತ್ತಲು ಕೈ ಬರಲಿಲ್ಲ. ಬಹಳ ಹೊತ್ತು ಸುಮ್ಮನೆ ನಿಂತು, ಕೊನೆಗೆ ಒಂದು ಚಿತ್ರ ತೆಗೆದರು. ಹತ್ತಿರ ಹೋಗಿ ಇನ್ನೊಂದು ತೆಗೆಯುವಾಗ ಕಣ್ಣೀರಿನಿಂದ ವ್ಯೂಫೈಂಡರ್ ಮಂಜಾಗಿತ್ತು ಅಂತ ಆಮೇಲೆ ಹೇಳಿಕೊಂಡರು. ಇಡೀ ದಿನ ನಗರದಲ್ಲಿ ಅಲೆದ ಅವರಿಂದ ನಮಗೆ ಉಳಿದಿರುವುದು 5 ಫೋಟೊ.

ಈ 5 ಫೋಟೊಗಳ ಮುಂದೆ ಮೋಡದ ಚಿತ್ರ ಇಟ್ಟು ನೋಡಿ. ಎರಡೂ ಅದೇ ದಿನದವು, ಎರಡೂ ಸುಳ್ಳಲ್ಲ. ಆದರೆ ಜಗತ್ತು ನೋಡಿ ಬೆಳೆದದ್ದು ಒಂದನ್ನು ಮಾತ್ರ. 1946ರ ಜುಲೈನಲ್ಲಿ ಅಮೆರಿಕ ಬಿಕಿನಿ ದ್ವೀಪದಲ್ಲಿ ಬಾಂಬ್ ಪರೀಕ್ಷೆ ಮಾಡಿದಾಗ ಪತ್ರಕರ್ತರನ್ನು ಕರೆದು ಕೂರಿಸಿ, ಲೆಕ್ಕವಿಲ್ಲದಷ್ಟು ಕ್ಯಾಮೆರಾ ಇಟ್ಟು ಚಿತ್ರೀಕರಿಸಿತು. ಆ ಮೋಡಗಳು ನ್ಯೂಸ್‌ರೀಲ್‌ಗಳಲ್ಲಿ ಊರೂರು ಸುತ್ತಿದವು. ಮನುಷ್ಯರಿದ್ದ ಫಿಲ್ಮ್ ಮಾತ್ರ ಹೊರಗೆ ಬರಲಿಲ್ಲ.

ಇವಾಸಾಕಿ ಮತ್ತು ಅವರ ತಂಡ

ಆ ಫಿಲ್ಮ್ ತೆಗೆದದ್ದು ನಿಪ್ಪಾನ್ ಎಯ್ಗಾಶಾ ಎಂಬ ನ್ಯೂಸ್‌ರೀಲ್ ಕಂಪನಿ. ಯುದ್ಧದ ಕಾಲದಲ್ಲಿ ಜಪಾನ್ ಸರ್ಕಾರ ಬೇರೆಬೇರೆ ನ್ಯೂಸ್‌ರೀಲ್ ಸಂಸ್ಥೆಗಳನ್ನು ಒಂದುಗೂಡಿಸಿ ಮಾಡಿದ ಕಂಪನಿ ಅದು. ಯುದ್ಧದ ಪ್ರಚಾರವೇ ಅದರ ಕೆಲಸವಾಗಿತ್ತು. ಯುದ್ಧ ಮುಗಿದ ಮೇಲೆ ಅಲ್ಲಿ ನಿರ್ಮಾಪಕರಾಗಿದ್ದವರು ಅಕಿರಾ ಇವಾಸಾಕಿ. ಈ ಮನುಷ್ಯನ ಹಿನ್ನೆಲೆ ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. ಅವರು ಎಡಪಂಥೀಯ ಚಲನಚಿತ್ರ ವಿಮರ್ಶಕರು. ಸಿನಿಮಾವನ್ನು ಪೂರ್ತಿ ಸರ್ಕಾರದ ಮುಷ್ಟಿಗೆ ಕೊಟ್ಟ 1939ರ ಕಾನೂನನ್ನು ಬಹಿರಂಗವಾಗಿ ವಿರೋಧಿಸಿ ಜೈಲಿಗೆ ಹೋಗಿದ್ದರು. ಸ್ವಂತ ಸರ್ಕಾರದ ಯುದ್ಧವನ್ನು ಒಪ್ಪದವರು. ಅಂಥವರು ಅಣುಬಾಂಬಿನ ಗಾಯವನ್ನು ದಾಖಲಿಸಲು ಹೊರಟದ್ದು ಸೇಡಿಗಾಗಿ ಅಲ್ಲ ಅಂತ ನಾವು ಧೈರ್ಯವಾಗಿ ಹೇಳಬಹುದು.

1945ರ ಸೆಪ್ಟೆಂಬರ್‌ನಲ್ಲಿ ತಂಡಗಳು ಹೊರಟವು. ವಿಜ್ಞಾನಿಗಳು, ವೈದ್ಯರು ಬಾಂಬಿನ ಪರಿಣಾಮ ಅಧ್ಯಯನ ಮಾಡಲು ಹೋಗುತ್ತಿದ್ದರು, ಕ್ಯಾಮೆರಾಗಳು ಅವರ ಜೊತೆ ಹೋದವು. ಸೋತು ಸುಣ್ಣವಾಗಿದ್ದ ದೇಶದಲ್ಲಿ ಕಚ್ಚಾ ಫಿಲ್ಮ್ ಸಿಗುವುದೇ ಕಷ್ಟ, ಊಟಕ್ಕೂ ಪರದಾಟ. ಸೋತ ಜಪಾನನ್ನು ಆಗ ಆಳುತ್ತಿದ್ದ ಅಮೆರಿಕದ ಸೇನಾ ಆಡಳಿತ ಅದೇ ತಿಂಗಳು ಅಲ್ಲಿನ ಪತ್ರಿಕೆಗಳ ಮೇಲೆ ನಿರ್ಬಂಧ ಹೇರಿತು. ಬಾಂಬಿನ ಬಗ್ಗೆ ಬರೆಯುವುದೂ ಸುಲಭವಿರಲಿಲ್ಲ.

ಅಕ್ಟೋಬರ್‌ನಲ್ಲಿ ನಾಗಸಾಕಿಯಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ ಅಮೆರಿಕದ ಮಿಲಿಟರಿ ಪೊಲೀಸರು ಕ್ಯಾಮೆರಾಮನ್ ಒಬ್ಬರನ್ನು ಹಿಡಿದರು. ಟೋಕಿಯೊದ ಮುಖ್ಯ ಕಚೇರಿಗೆ ಇವಾಸಾಕಿ ಅವರನ್ನು ಕರೆಸಿ, ಶೂಟಿಂಗ್ ನಿಲ್ಲಿಸಿ ಅಂದರು. ಇವಾಸಾಕಿ ವಾದಿಸಿದರು. ಅಷ್ಟರಲ್ಲಿ ಬಾಂಬ್ ದಾಳಿಗಳ ಪರಿಣಾಮ ಅಳೆಯುವ ಅಮೆರಿಕದ ಸಮೀಕ್ಷಾ ತಂಡ ವಾಷಿಂಗ್ಟನ್‌ನಿಂದ ಬಂದಿಳಿಯಿತು. ಅವರಿಗೂ ಇಂಥ ಒಂದು ಚಿತ್ರ ಬೇಕಿತ್ತು. ಆ ತಂಡದಲ್ಲಿದ್ದ ಲೆಫ್ಟಿನೆಂಟ್ ಡೇನಿಯಲ್ ಮೆಕ್‌ಗವರ್ನ್ ಎಂಬ ಸೇನಾ ಛಾಯಾಗ್ರಾಹಕ, ಇದನ್ನು ಹಾಳುಮಾಡುವುದು ಬೇಡ, ಇವರಿಂದಲೇ ಪೂರ್ತಿ ಮಾಡಿಸೋಣ ಅಂತ ಒತ್ತಾಯಿಸಿದರು. ನಿಷೇಧ ಹೋಗಿ ಆದೇಶ ಬಂತು. ಮೊನ್ನೆ ನಿಲ್ಲಿಸಿ ಅಂದವರೇ ಇವತ್ತು ಮುಗಿಸಿಕೊಡಿ ಅಂದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆದೇಶ ಬಂದ ಕ್ಷಣವೇ ಚಿತ್ರದ ಒಡೆಯ ಬದಲಾದ. ಶೂಟಿಂಗ್ ಮಾಡುವವರು ಅವರೇ, ಜಾಗವೂ ಅದೇ. ಆದರೆ ಪ್ರತಿ ರೀಲೂ ಇನ್ನು ಅಮೆರಿಕದ ಸೇನೆಯ ಆಸ್ತಿ.

1946ರಲ್ಲಿ ಚಿತ್ರ ಮುಗಿಯಿತು. ಸುಮಾರು 2 ಗಂಟೆ 40 ನಿಮಿಷ. ಹಿರೋಷಿಮಾ ಮತ್ತು ನಾಗಸಾಕಿಯ ಮೇಲೆ ಅಣುಬಾಂಬಿನ ಪರಿಣಾಮಗಳು ಅಂತ ಹೆಸರು. ಹೆಸರಿಗೆ ತಕ್ಕ ಹಾಗೆ ಅದು ವರದಿಯ ಧಾಟಿಯಲ್ಲೇ ಸಾಗುತ್ತದೆ. ಕಾಂಕ್ರೀಟ್ ಮೇಲೆ ಪರಿಣಾಮ, ಮರದ ಮೇಲೆ ಪರಿಣಾಮ, ಗಿಡಗಳ ಮೇಲೆ ಪರಿಣಾಮ. ಹೀಗೆ ವಿಂಗಡಿಸಿದ ಪಟ್ಟಿಯಲ್ಲಿ ಮನುಷ್ಯರ ಮೇಲಿನ ಪರಿಣಾಮವೂ ಒಂದು.

ಅದರ ನೋಟ ಎಂಥದ್ದು ಅಂತ ತಿಳಿಯಲು ನೆರಳುಗಳ ದೃಶ್ಯ ಸಾಕು. ಬಾಂಬಿನ ಬೆಳಕು ಎಷ್ಟು ಉರಿಯಾಗಿತ್ತು ಅಂದರೆ ಅಡ್ಡ ಇದ್ದ ವಸ್ತುವಿನ ಹಿಂದೆ ನೆಲ ಸುಡದೆ ಉಳಿದು, ಸುತ್ತಲಿನದು ಬಣ್ಣಗೆಟ್ಟಿತ್ತು. ಹಿರೋಷಿಮಾದ ಯೊರೊಜುಯೊ ಸೇತುವೆಯ ಡಾಂಬರಿನ ಮೇಲೆ ಕಟಕಟೆಯ ಕಂಬಗಳ ನೆರಳು ಹಾಗೇ ಅಚ್ಚಾಗಿತ್ತು. ಅಲ್ಲಿಗೆ ಹೋದ ವಿಜ್ಞಾನಿಗಳಿಗೆ ಈ ನೆರಳು ಒಂದು ಅಳತೆಗೋಲು. ಯಾವ ದಿಕ್ಕಿಗೆ ಬಿದ್ದಿದೆ, ಎಷ್ಟು ಉದ್ದ ಇದೆ ಅಂತ ಅಳೆದು, ಅಂಥ ಹಲವು ನೆರಳುಗಳ ಗೆರೆಗಳನ್ನು ಹಿಂದಕ್ಕೆ ಎಳೆದು, ಬಾಂಬ್ ಎಲ್ಲಿ, ಎಷ್ಟು ಎತ್ತರದಲ್ಲಿ ಸಿಡಿಯಿತು ಅಂತ ಲೆಕ್ಕ ಹಾಕಿದರು. ಚೊಕ್ಕ ವಿಜ್ಞಾನ. ಒಳ್ಳೆಯ ಕೆಲಸವೂ ಹೌದು. ಆದರೆ ಕ್ಯಾಮೆರಾ ನೆರಳಿನಿಂದ ಮೇಲಕ್ಕೆ, ಬಾಂಬ್ ಇದ್ದ ಜಾಗಕ್ಕೆ ನೋಡುತ್ತದೆ. ಸೇತುವೆ ದಾಟುತ್ತಿದ್ದವರ ಕಡೆಗೆ ಅಲ್ಲ. ಬಾಂಬೇ ಕಥಾನಾಯಕ, ನಗರ ಅದರ ಪ್ರಯೋಗಶಾಲೆ.

ಇಷ್ಟಾದರೂ, ಆ ಚಿತ್ರದಲ್ಲಿ ಮನುಷ್ಯರಿದ್ದಾರೆ. ಆಸ್ಪತ್ರೆಯ ಚಾಪೆಗಳ ಮೇಲೆ ಮಲಗಿದವರು, ಕೂದಲು ಉದುರಿದ ಮಕ್ಕಳು, ಬಟ್ಟೆಯ ಗಾಢ ಬಣ್ಣದ ವಿನ್ಯಾಸ ಚರ್ಮದ ಮೇಲೆ ಸುಟ್ಟು ಮೂಡಿದ ಹೆಂಗಸರು. ವರದಿಯ ಪಟ್ಟಿಗೆ ಅವರು ಮಾದರಿಗಳು. ಕ್ಯಾಮೆರಾಮನ್‌ಗಳಿಗೆ ಮಾತ್ರ ಹಾಗನ್ನಿಸಿರಲಿಲ್ಲ ಅನ್ನುವುದು ಕೆಲವು ಶಾಟ್‌ಗಳಲ್ಲಿ ಕಾಣುತ್ತದೆ. ಗಾಯ ತೋರಿಸಿ ಮುಗಿದ ಮೇಲೂ ಕ್ಯಾಮೆರಾ ಮುಖದ ಮೇಲೆ ಒಂದಿಷ್ಟು ಹೊತ್ತು ಉಳಿಯುತ್ತದೆ.

ಮಾಡಿನೊಳಗೆ ಒಂದು ಪ್ರಿಂಟ್

ಚಿತ್ರ ಮುಗಿದ ಕೂಡಲೇ ಪ್ರಿಂಟ್, ನೆಗೆಟಿವ್, ಉಳಿದ ತುಣುಕು, ಎಲ್ಲವನ್ನೂ ಒಪ್ಪಿಸಬೇಕು ಅಂತ ಅಪ್ಪಣೆಯಾಯಿತು. ಎಲ್ಲವೂ ಹಡಗು ಹತ್ತಿ ಅಮೆರಿಕಕ್ಕೆ ಹೋದವು. 'ಗುಪ್ತ' ಅಂತ ಮುದ್ರೆ ಬಿತ್ತು.

ಎಲ್ಲವೂ ಅನ್ನುವುದು ಪೂರ್ತಿ ನಿಜವಲ್ಲ. ಕಂಪನಿಯ ಕೆಲವರು ಸೇರಿ, ಧ್ವನಿ ಇಲ್ಲದ ಒಂದು ಕಚ್ಚಾ ಪ್ರಿಂಟ್‌ ಅನ್ನು ಒಪ್ಪಿಸದೆ ಉಳಿಸಿಕೊಂಡರು. ಒಂದು ಫಿಲ್ಮ್ ಲ್ಯಾಬಿನ ಮಾಡಿನೊಳಗೆ ಬಚ್ಚಿಟ್ಟರು. ಸಿಕ್ಕಿಬಿದ್ದಿದ್ದರೆ ಸೇನಾ ನ್ಯಾಯಾಲಯದ ಮುಂದೆ ನಿಲ್ಲಬೇಕಿತ್ತು. 1952ರಲ್ಲಿ ಅಮೆರಿಕದ ಆಡಳಿತ ಮುಗಿಯುವ ತನಕ ಬಾಯಿ ಬಿಡಲಿಲ್ಲ. ಆ ಕಾಲದ ಫಿಲ್ಮ್ ನೈಟ್ರೇಟ್‌ದು, ಬೆಂಕಿ ತಾಗಿದರೆ ಕ್ಷಣದಲ್ಲಿ ಭಸ್ಮ. ಸುಮ್ಮನೆ ಇಟ್ಟರೂ ಹಾಳಾಗುತ್ತದೆ. ಮಾಡಿನ ಬಿಸಿಯಲ್ಲಿ ಅದನ್ನು ಇಟ್ಟು ಕಾದವರ ಗಟ್ಟಿತನ ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಫಿಲ್ಮ್ ಉಳಿಯುವುದು ಎಷ್ಟು ಅಪರೂಪ ಅನ್ನುವುದು ಕನ್ನಡದವರಿಗೆ ಹೊಸದಾಗಿ ಹೇಳಬೇಕಿಲ್ಲ. ನಮ್ಮ ಮೊದಲ ಮಾತಿನ ಚಿತ್ರ, 1934ರ 'ಸತಿ ಸುಲೋಚನ'ದ ಪ್ರಿಂಟ್ ಇವತ್ತು ಇಲ್ಲ. ಅದನ್ನು ಯಾರೂ ಬೇಕಂತ ಮುಚ್ಚಿಡಲಿಲ್ಲ, ಉಳಿಸಬೇಕು ಅನ್ನುವ ಎಚ್ಚರ ಯಾರಿಗೂ ಆಗ ಬರಲಿಲ್ಲ, ಅಷ್ಟೇ. ಹಿರೋಷಿಮಾ ಫಿಲ್ಮಿನ ವಿಷಯದಲ್ಲಿ ಒಂದು ವಿಚಿತ್ರ ನಡೆಯಿತು. ಅದನ್ನು ಮುಚ್ಚಿಟ್ಟ ಸೇನೆಯೇ ಅದನ್ನು ಕಾಪಾಡಿತು ಕೂಡ.

ವಾಪಸ್ ಬಂತು, ಕತ್ತರಿ ಜೊತೆಗೇ ಬಂತು

ಜಪಾನಿನಲ್ಲಿ ವರ್ಷಗಟ್ಟಲೆ ಒತ್ತಾಯ ನಡೆದ ಮೇಲೆ 1967ರಲ್ಲಿ ಅಮೆರಿಕ ಆ ಚಿತ್ರದ 16 ಎಂಎಂ ಪ್ರತಿಯನ್ನು ಕೊಟ್ಟಿತು. ಜನ ಕಾದಿದ್ದರು. 1968ರಲ್ಲಿ ಜಪಾನ್ ಸರ್ಕಾರ ಟಿವಿಯಲ್ಲಿ ತೋರಿಸಿತು. ಆದರೆ ಮನುಷ್ಯರ ಗಾಯದ ದೃಶ್ಯಗಳನ್ನು ತೆಗೆದು ತೋರಿಸಿತು. ಕೊಟ್ಟ ಕಾರಣ: ಸತ್ತವರ, ನೊಂದವರ ಮನೆಯವರಿಗೆ ನೋವಾಗಬಾರದು.

ಈ ಕಾರಣವನ್ನು ಸುಮ್ಮನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬಾಂಬಿನಿಂದ ಬದುಕಿ ಉಳಿದವರನ್ನು ಜಪಾನಿನಲ್ಲಿ ಹಿಬಾಕುಷಾ ಅನ್ನುತ್ತಾರೆ. ಅವರಿಗೆ ಕೆಲಸ ಸಿಗುವುದು ಕಷ್ಟವಾಗಿತ್ತು, ಮದುವೆ ಸಂಬಂಧಗಳು ಮುರಿಯುತ್ತಿದ್ದವು. ಕಾಯಿಲೆ ಮಕ್ಕಳಿಗೂ ಬರುತ್ತದೆ ಅನ್ನುವ ಹೆದರಿಕೆ ಜನರಲ್ಲಿತ್ತು. ಹಾಗಿರುವಾಗ ಮೈಮೇಲೆ ಬಟ್ಟೆ ಇಲ್ಲದೆ, ಗಾಯ ತೋರಿಸುತ್ತ ಕೂತ ಒಬ್ಬಾಕೆಯ ಮುಖವನ್ನು ಅವಳನ್ನು ಕೇಳದೆ ಮನೆಮನೆಯ ಟಿವಿಯಲ್ಲಿ ತೋರಿಸುವುದು ಸರಿಯಾ? ಇದು ಕೇಳಲೇಬೇಕಾದ ಪ್ರಶ್ನೆ. ಆದರೆ ಕೇಳಬೇಕಾದದ್ದು ಆ ಹೆಂಗಸನ್ನು. ಸರ್ಕಾರ ತಾನೇ ಕೇಳಿಕೊಂಡು, ತಾನೇ ಉತ್ತರ ಹೇಳಿಕೊಂಡು, ಕಾಂಕ್ರೀಟು ಮತ್ತು ಗಿಡಗಳನ್ನು ಉಳಿಸಿ ಮನುಷ್ಯರನ್ನು ತೆಗೆಯಿತು. ಕನಿಕರದ ಹೆಸರಿನಲ್ಲಿ ನಡೆದರೂ ಪರಿಣಾಮ ಬೀಗ ಹಾಕಿದ್ದರದ್ದೇ.

ನ್ಯೂಯಾರ್ಕಿನಲ್ಲಿ ಒಂದು ಪತ್ರ

ಈ ಸುದ್ದಿ ಇದ್ದ ಪತ್ರಿಕೆಯ ತುಣುಕು 1968ರ ಆರಂಭದಲ್ಲಿ ಎರಿಕ್ ಬಾರ್ನೌ ಅವರ ಕೈಗೆ ಬಂತು. ಅವರು ಅಮೆರಿಕದ ರೇಡಿಯೋ, ಟಿವಿ ಚರಿತ್ರೆ ಬರೆದವರು. ನಮಗೂ ಅವರ ಪರಿಚಯ ಇದೆ. ಮದ್ರಾಸಿನ ಎಸ್. ಕೃಷ್ಣಸ್ವಾಮಿ ಅವರ ಜೊತೆ ಸೇರಿ 1963ರಲ್ಲಿ ಭಾರತೀಯ ಚಿತ್ರರಂಗದ ಚರಿತ್ರೆಯನ್ನು ಬರೆದವರು ಇವರೇ.

ಬಾರ್ನೌ ಮಾಡಿದ್ದು ಬಹಳ ಸರಳ ಕೆಲಸ. ಅಮೆರಿಕದ ರಕ್ಷಣಾ ಇಲಾಖೆಗೆ ಪತ್ರ ಬರೆದರು. ಆ ಫಿಲ್ಮ್ ನಿಮ್ಮಲ್ಲಿ ಇದೆಯಾ, ನೋಡಬಹುದಾ ಅಂತ ಕೇಳಿದರು. ಉತ್ತರ ಬಂತು: ಅದು ಈಗ ರಾಷ್ಟ್ರೀಯ ಪತ್ರಾಗಾರದಲ್ಲಿದೆ, ಹೋಗಿ ನೋಡಬಹುದು. ಅಷ್ಟೇ. ಬೀಗ ಯಾವಾಗಲೋ ತೆರೆದಿತ್ತು. ತೆರೆದಿದೆ ಅಂತ ಯಾರೂ ಸಾರಿರಲಿಲ್ಲ, ಯಾರೂ ಬಂದು ಕೇಳಿರಲೂ ಇಲ್ಲ. ಪತ್ರಾಗಾರಗಳಲ್ಲಿ ಕೆಲಸ ಮಾಡುವವರು ಈ ಮಾತಿಗೆ ಖಂಡಿತ ತಲೆಯಾಡಿಸುತ್ತಾರೆ.

ಬಾರ್ನೌ, ಜೊತೆಗೆ ಪಾಲ್ ರೋಂಡರ್ ಮತ್ತು ಇನ್ನೂ ಕೆಲವರು ಕೂತು 2 ಗಂಟೆ 40 ನಿಮಿಷವನ್ನೂ ನೋಡಿದರು. ಮೊದಲು ನಿರಾಸೆಯೇ ಆಯಿತು. ರೀಲಿನ ಮೇಲೆ ರೀಲು ಬರೀ ಅವಶೇಷ. ಬಾಗಿದ ಕಬ್ಬಿಣ, ಉರುಳಿದ ಗೋಡೆ, ಅಳತೆ, ನಕ್ಷೆ. ಮನುಷ್ಯರು ಅಲ್ಲೊಂದು ಇಲ್ಲೊಂದು. ಇನ್ನೂ ಇದೆಯಾ ಅಂತ ರಕ್ಷಣಾ ಇಲಾಖೆಯನ್ನು ಮತ್ತೆ ಕೇಳಿದರು. ಬಳಸದೆ ಉಳಿದ ತುಣುಕುಗಳು ಈಗ ಇಲ್ಲ ಅಂತ ಉತ್ತರ ಬಂತು. ಇದ್ದದ್ದರಲ್ಲೇ ಮಾಡಬೇಕಿತ್ತು.

ಎಡಿಟಿಂಗ್ ಟೇಬಲ್ಲಿನ ನಿರ್ಧಾರಗಳು

ನನ್ನ ಪ್ರಕಾರ ಈ ಪ್ರಕರಣದ ತಿರುಳು ಇಲ್ಲಿದೆ.

160 ನಿಮಿಷದಲ್ಲಿ ಉಳಿಸಿಕೊಂಡದ್ದು 16 ನಿಮಿಷ. ಹತ್ತರಲ್ಲಿ ಒಂದು ಭಾಗ. ಗಂಟೆಯ ಚಿತ್ರ ಮಾಡಿದ್ದರೆ ಟಿವಿಗೆ, ಚಿತ್ರಮಂದಿರಕ್ಕೆ ಅನುಕೂಲವಾಗುತ್ತಿತ್ತೇನೋ. ಆದರೆ ಮನುಷ್ಯರ ದೃಶ್ಯಗಳು ಇದ್ದದ್ದೇ ಕಡಿಮೆ. ಉದ್ದ ಮಾಡಿದರೆ ಮತ್ತೆ ಅವಶೇಷಗಳ ನಡುವೆ ಅವರು ಕಳೆದುಹೋಗುತ್ತಿದ್ದರು. ಚದುರಿ ಹೋಗಿದ್ದ ಆ ದೃಶ್ಯಗಳನ್ನೆಲ್ಲ ಒಂದೆಡೆ ತಂದು ಕೂಡಿಸಿದರು. ಮೂಲ ಚಿತ್ರದಲ್ಲಿ ಪಟ್ಟಿಯ ಒಂದು ಬಾಬತ್ತಾಗಿದ್ದದ್ದು ಇಲ್ಲಿ ಚಿತ್ರದ ಹೃದಯವಾಯಿತು. ನೋಡುಗ ಮೊದಲು ಊರನ್ನು ನೋಡುತ್ತಾನೆ, ಊರಿಲ್ಲದ ಬಯಲನ್ನು ನೋಡುತ್ತಾನೆ. ಆಮೇಲೆ ಮುಖಗಳು ಬರುತ್ತವೆ, ಬಂದ ಮೇಲೆ ಹೋಗುವುದಿಲ್ಲ.

ಎರಡನೆಯದು ದನಿ. ಯುದ್ಧದ ಸಾಕ್ಷ್ಯಚಿತ್ರ ಅಂದರೆ ಗಡಸು ಗಂಡಸಿನ ಗುಡುಗುವ ನಿರೂಪಣೆ ಅನ್ನುವುದು ಆಗಲೇ ಪದ್ಧತಿಯಾಗಿತ್ತು. ಇಲ್ಲಿ ರೋಂಡರ್ ತಗ್ಗಿದ ದನಿಯಲ್ಲಿ ಸಂಗತಿಗಳನ್ನಷ್ಟೇ ಹೇಳುತ್ತಾರೆ. ಅವರ ಜೊತೆ ಕಾಜುಕೊ ಓಷಿಮಾ ಎಂಬ ಹೆಣ್ಣಿನ ದನಿ ಬರುತ್ತದೆ, ಬದುಕಿ ಉಳಿದವರ ಮಾತುಗಳನ್ನು ಹೇಳುತ್ತದೆ. ಯಾರನ್ನೂ ಬೈಯುವುದಿಲ್ಲ. ವಿಶೇಷಣಗಳಿಲ್ಲ. ಒಂದು ಗಾಯದ ಶಾಟ್ ಬಂದಾಗ "ಎಂಥ ಭೀಕರ ದೃಶ್ಯ" ಅಂತ ಹೇಳಿದ್ದರೆ ಆ ದೃಶ್ಯ ಅಲ್ಲೇ ಸತ್ತುಹೋಗುತ್ತಿತ್ತು. ನಮ್ಮ ಟಿವಿ ಚಾನೆಲ್‌ಗಳಲ್ಲಿ ಹಳೆಯ ಯುದ್ಧದ ಫುಟೇಜ್ ಹಾಕುವಾಗ ಹಿಂದೆ ಬಾರಿಸುವ ನಗಾರಿ, ಅಬ್ಬರದ ದನಿ ಕೇಳಿದಾಗಲೆಲ್ಲ ಈ 16 ನಿಮಿಷ ಅವರಿಗೆ ತೋರಿಸಬೇಕು ಅನ್ನಿಸುತ್ತದೆ. ಚಿತ್ರಕ್ಕೆ ಮಾತಾಡಲು ಜಾಗ ಬಿಡಬೇಕು.

ತಕರಾರೂ ಇದೆ. ಹೆಸರಿನಲ್ಲಿ 'ಆಗಸ್ಟ್ 1945' ಅಂತಿದೆ. ನೆಲದ ಮೇಲಿನ ಫುಟೇಜ್ ಆಗಸ್ಟ್‌ದಲ್ಲ, ಸೆಪ್ಟೆಂಬರ್ ಮತ್ತು ಆಮೇಲಿನದು. ನಾವು ನೋಡುವ ಗಾಯಾಳುಗಳು ಮೊದಲ ವಾರಗಳನ್ನು ದಾಟಿ ಬಂದವರು. ಮೊದಲ ದಿನ, ಮೊದಲ ವಾರ ಸತ್ತವರು ಈ ಚಿತ್ರದಲ್ಲಿ ಇಲ್ಲವೇ ಇಲ್ಲ. 1945 ಮುಗಿಯುವಷ್ಟರಲ್ಲಿ ಹಿರೋಷಿಮಾದಲ್ಲಿ ಸುಮಾರು 1,40,000, ನಾಗಸಾಕಿಯಲ್ಲಿ ಸುಮಾರು 70,000 ಜನ ಸತ್ತರು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಅವರಲ್ಲಿ ಹೆಚ್ಚಿನವರನ್ನು ಯಾವ ಮೂವಿ ಕ್ಯಾಮೆರಾವೂ ಕಂಡಿಲ್ಲ. ಚಿತ್ರ ನೋಡಿ "ಹೀಗಿತ್ತು" ಅಂದುಕೊಂಡರೆ ತಪ್ಪು. ಇದಕ್ಕಿಂತ ಬಹಳ ಕೆಟ್ಟದಾಗಿತ್ತು. ಹಳೆಯ ಫುಟೇಜ್‌ನಿಂದ ಚಿತ್ರ ಮಾಡುವವರಿಗೆ ಇದು ದೊಡ್ಡ ಅಪಾಯ. ಸಿಕ್ಕ ಫುಟೇಜ್ ಎಷ್ಟಿದೆಯೋ ಅಷ್ಟೇ ನಡೆದದ್ದು ಅನ್ನುವ ಭಾವನೆ ತಾನಾಗಿ ಹುಟ್ಟಿಬಿಡುತ್ತದೆ. ಶಾಟ್ ಯಾವ ತಿಂಗಳದ್ದು ಅಂತ ತೆರೆಯ ಮೇಲೆ ಒಂದು ಸಾಲು ಹಾಕಿದರೆ ಚಿತ್ರದ ಬಲ ಕುಗ್ಗುತ್ತಿರಲಿಲ್ಲ.

ತೋರಿಸುವವರು ಯಾರು

1970ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಮೊದಲ ಪ್ರದರ್ಶನ. ಸಭಾಂಗಣ ತುಂಬಿತ್ತು. ಪತ್ರಿಕೆಗಳು ಬರೆದವು, ಶಾಲೆ ಕಾಲೇಜುಗಳಿಂದ ಪ್ರಿಂಟ್ ಬೇಕು ಅಂತ ಬೇಡಿಕೆ ಬಂತು.

ಅಮೆರಿಕದ ದೊಡ್ಡ ಟಿವಿ ಜಾಲಗಳು ಮಾತ್ರ ಮುಟ್ಟಲಿಲ್ಲ. ಅದರಲ್ಲಿ ಒಂದು, ಎನ್‌ಬಿಸಿ, ಸುದ್ದಿಯ ನೆಪವೊಂದು ಸಿಕ್ಕರೆ ಹಾಕಬಹುದು ಅಂತ ಹೇಳಿತು. ವಿಯೆಟ್ನಾಂ ಯುದ್ಧ ಪ್ರತಿ ರಾತ್ರಿ ಟಿವಿಯಲ್ಲಿ ನಡೆಯುತ್ತಿದ್ದ ಕಾಲ ಅದು. ಕೊನೆಗೆ ಸಾರ್ವಜನಿಕ ಪ್ರಸಾರದ ಜಾಲ ಎನ್‌ಇಟಿ ಅದನ್ನು 1970ರ ಆಗಸ್ಟ್‌ನಲ್ಲಿ, 25ನೇ ವರ್ಷದ ಸಂದರ್ಭದಲ್ಲಿ ಪ್ರಸಾರ ಮಾಡಿತು. ಜಪಾನಿನಲ್ಲಿ ಅದಕ್ಕೂ ಮೊದಲೇ ಟಿವಿಯಲ್ಲಿ ಬಂದಿತ್ತು. ತಮ್ಮ ಸರ್ಕಾರ ಕತ್ತರಿಸಿದ್ದ ದೃಶ್ಯಗಳನ್ನು ಜಪಾನಿನವರು ಅಮೆರಿಕದವರ ಚಿತ್ರದಲ್ಲಿ ನೋಡಿದರು.

ಅಲ್ಲಿಯವರೆಗೆ ಬಾರ್ನೌ ಅವರಿಗೆ ಇವಾಸಾಕಿ ಯಾರೆಂದೇ ಗೊತ್ತಿರಲಿಲ್ಲ. ಡಬ್ಬಿಗಳ ಮೇಲೆ ಇದನ್ನು ತೆಗೆದವರ ಕಥೆ ಬರೆದಿರಲಿಲ್ಲ. ಚಿತ್ರ ನೋಡಿದ ಇವಾಸಾಕಿ ಮುಂದೆ ಬಂದ ಮೇಲೆ, ಬಂಧನ, ನಿಷೇಧ, ಆದೇಶ, ವಶಪಡಿಸಿಕೊಂಡದ್ದು, ಎಲ್ಲ ಹೊರಗೆ ಬಂತು. ತಾನು ಮಾಡಿದ್ದ ಕೆಲಸದಿಂದ ಬೇರೊಬ್ಬರು, ಅದೂ ಗೆದ್ದ ದೇಶದವರು, ಶಾಂತಿಯ ಚಿತ್ರ ಮಾಡಿದ್ದನ್ನು ಅವರು ಮನಸಾರೆ ಮೆಚ್ಚಿ ಬರೆದರು. ಈ ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಒಂದೇ ಚಿತ್ರದಲ್ಲಿ 24 ವರ್ಷಗಳ ಅಂತರದಲ್ಲಿ ಕೆಲಸ ಮಾಡಿದ್ದರು.

ಬಣ್ಣದ ಫಿಲ್ಮ್, 10 ಅಡಿ ಮತ್ತು 3,000 ಯೆನ್

ಕಥೆ ಇಲ್ಲಿಗೆ ಮುಗಿದಿದ್ದರೆ ಒಬ್ಬ ಪ್ರೊಫೆಸರರ ಸಾಧನೆಯಾಗಿ ಉಳಿಯುತ್ತಿತ್ತು. ಮುಂದೆ ಸಾಮಾನ್ಯ ಜನ ಕೈಹಾಕಿದರು.

1946ರಲ್ಲಿ ಮೆಕ್‌ಗವರ್ನ್ ಅವರ ಅಮೆರಿಕನ್ ತಂಡವೂ ಪ್ರತ್ಯೇಕವಾಗಿ ಚಿತ್ರೀಕರಿಸಿತ್ತು. ಬಣ್ಣದಲ್ಲಿ, 16 ಎಂಎಂ ಫಿಲ್ಮಿನಲ್ಲಿ. ಅದರಲ್ಲಿದ್ದ ಯುವ ಅಧಿಕಾರಿ ಹರ್ಬರ್ಟ್ ಸಸ್ಸನ್ ಆಮೇಲೆ ಟಿವಿಯಲ್ಲಿ ಕೆಲಸಕ್ಕೆ ಸೇರಿದರು. ಆ ಫಿಲ್ಮನ್ನು ಬಿಡುಗಡೆ ಮಾಡಿಸಲು ವರ್ಷಗಟ್ಟಲೆ ಬಾಗಿಲು ತಟ್ಟಿದರು. ಯಾವುದೂ ತೆರೆಯಲಿಲ್ಲ. ಗಂಡಸರು, ಹೆಂಗಸರು, ಮಕ್ಕಳಿಗೆ ಆದದ್ದು ಅದರಲ್ಲಿ ಕಾಣುತ್ತಿತ್ತು, ಅದು ಹೊರಗೆ ಬರುವುದು ಮೇಲಿನವರಿಗೆ ಬೇಡವಾಗಿತ್ತು ಅಂತ ಮೆಕ್‌ಗವರ್ನ್ ಮುಂದೆ ಹೇಳಿದರು. ಬಾರ್ನೌ ಚಿತ್ರ ಮಾಡುವಾಗ ಇಂಥದ್ದೊಂದು ಬಣ್ಣದ ಫಿಲ್ಮ್ ಇದೆ ಅಂತ ಅವರಿಗೆ ತಿಳಿದಿರಲಿಲ್ಲ.

1970ರ ದಶಕದ ಕೊನೆಗೆ ಜಪಾನಿನ ಶಾಂತಿ ಕಾರ್ಯಕರ್ತರಿಗೆ ಇದರ ಸುಳಿವು ಸಿಕ್ಕಿತು. ಅದರ ಪ್ರತಿ ಮಾಡಿಸಲು ಹಣ ಬೇಕು. ಅವರು ಜನರ ಮುಂದಿಟ್ಟ ಲೆಕ್ಕ ಸುಲಭವಾಗಿತ್ತು: ಒಬ್ಬರು 3,000 ಯೆನ್ ಕೊಟ್ಟರೆ 10 ಅಡಿ ಫಿಲ್ಮ್. ಚಳವಳಿಗೆ '10 ಅಡಿ' ಎಂದೇ ಹೆಸರಾಯಿತು. 16 ಎಂಎಂ ಫಿಲ್ಮಿನ ಒಂದು ಅಡಿಯಲ್ಲಿ 40 ಫ್ರೇಮ್. 10 ಅಡಿ ಅಂದರೆ 400 ಫ್ರೇಮ್, ತೆರೆಯ ಮೇಲೆ 16 ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಅಷ್ಟೇ ಹೊತ್ತಿನ ಒಂದು ಮುಖ, ಒಂದು ಬೀದಿ ತಮ್ಮ ದುಡ್ಡಿನಲ್ಲಿ ವಾಪಸ್ ಬರಲಿ ಅಂತ ಸಾವಿರಾರು ಜನ ಕೊಟ್ಟರು. ಆ ಫುಟೇಜ್‌ನಿಂದ 1982ರ ಹೊತ್ತಿಗೆ ಜಪಾನಿನಲ್ಲಿ ಹೊಸ ಸಾಕ್ಷ್ಯಚಿತ್ರಗಳು ಬಂದವು.

ಆ ಬಣ್ಣದ ಫಿಲ್ಮಿನಲ್ಲಿ, ಬಾಂಬ್ ಬಿದ್ದಾಗ 16 ವರ್ಷದವನಾಗಿದ್ದ ಹುಡುಗನೊಬ್ಬ ಇದ್ದಾನೆ. ಸುಮಿತೆರು ತಾನಿಗುಚಿ. ನಾಗಸಾಕಿಯಲ್ಲಿ ಸೈಕಲ್ ಮೇಲೆ ಅಂಚೆ ಹಂಚುತ್ತಿದ್ದವನು, ಸ್ಫೋಟ ಬೆನ್ನ ಹಿಂದಿನಿಂದ ಬಂತು. 1946ರ ಜನವರಿಯಲ್ಲಿ ಚಿತ್ರೀಕರಿಸಿದಾಗ ಅವನ ಬೆನ್ನು ಪೂರ್ತಿ ಕೆಂಪು, ಚರ್ಮವೇ ಇಲ್ಲ. ಕಪ್ಪು-ಬಿಳುಪಿನಲ್ಲಿ ಅದು ಬರೀ ಕಪ್ಪಾಗಿ ಕಂಡಿರುತ್ತಿತ್ತು. ಅವನು ಹೊಟ್ಟೆಯ ಮೇಲೆ ಮಲಗಿಯೇ 1 ವರ್ಷ 9 ತಿಂಗಳು ಕಳೆದ. ಬದುಕಿದ, ಮದುವೆಯಾದ, ಮಕ್ಕಳನ್ನು ಕಂಡ. ಬಾಂಬ್ ಸಂತ್ರಸ್ತರ ಸಂಘಟನೆ ನಿಹಾನ್ ಹಿದಾಂಕ್ಯೊದ ಮುಂದಾಳಾದ. 2010ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಅಣ್ವಸ್ತ್ರ ಪ್ರಸರಣ ತಡೆ ಸಮಾವೇಶದಲ್ಲಿ ತಾನಿಗುಚಿ ಅವರು ತಮ್ಮ ಬೆನ್ನಿನ ಆ ಚಿತ್ರವನ್ನು ತಾವೇ ಕೈಯಲ್ಲಿ ಎತ್ತಿ ಹಿಡಿದು ಮಾತಾಡಿದರು. 2017ರಲ್ಲಿ ತೀರಿಕೊಂಡರು. 2024ರಲ್ಲಿ ಆ ಸಂಘಟನೆಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

1968ರಲ್ಲಿ ಸರ್ಕಾರ ಕೇಳದೆ ಬಿಟ್ಟ ಪ್ರಶ್ನೆಗೆ ತಾನಿಗುಚಿ ಅವರ ಮಟ್ಟಿಗೆ ಉತ್ತರ ಇದು. ಎಲ್ಲ ಹಿಬಾಕುಷಾಗಳ ಉತ್ತರ ಇದೇ ಆಗಬೇಕಿಲ್ಲ. ತಮ್ಮ ಚಿತ್ರ ಬೇಡ ಅನ್ನುವ ಹಕ್ಕೂ ಒಬ್ಬರಿಗೆ ಇರಲೇಬೇಕು. ಆದರೆ ತೋರಿಸಬೇಕೋ ಬೇಡವೋ ಅನ್ನುವ ಮಾತನ್ನು ಗಾಯ ಹೊತ್ತವರೇ ಆಡಿದಾಗ ಅದರ ತೂಕವೇ ಬೇರೆ.

ತೋರಿಸುವುದಾದರೆ

ನಮ್ಮ ಕಾಲೇಜುಗಳಲ್ಲಿ, ಫಿಲ್ಮ್ ಸೊಸೈಟಿಗಳಲ್ಲಿ ಈ ಚಿತ್ರ ತೋರಿಸಬೇಕು ಅನ್ನುವ ಆಸೆ ನನ್ನದು. ತೋರಿಸುವುದಾದರೆ ಮೂಲದ 160 ನಿಮಿಷದ ಚಿತ್ರದಿಂದ ಒಂದು ಭಾಗವನ್ನೂ ಜೊತೆಗೆ ತೋರಿಸಿ. ಮೊದಲು ಅದು, ಆಮೇಲೆ ಇದು. ಒಂದೇ ಶಾಟ್ ಎರಡು ಕಡೆ ಹೇಗೆ ಬೇರೆ ಮಾತಾಡುತ್ತದೆ ಅಂತ ಹುಡುಗರು ತಾವೇ ಕಂಡುಕೊಳ್ಳುತ್ತಾರೆ. ವಿವರಿಸುವ ಕಷ್ಟ ಇರುವುದಿಲ್ಲ.

ಈ ಫುಟೇಜ್‌ನಲ್ಲಿ ಇಲ್ಲದ್ದನ್ನೂ ಹೇಳಬೇಕಾಗುತ್ತದೆ. ಯುದ್ಧ ಆಗಸ್ಟ್ 6ರಂದು ಶುರುವಾದದ್ದಲ್ಲ. ಜಪಾನಿನ ಸೇನೆ ಚೀನಾದಲ್ಲಿ, ನಾನ್‌ಜಿಂಗ್‌ನಲ್ಲಿ, ಕೊರಿಯಾದಲ್ಲಿ ಮಾಡಿದ್ದು ಈ ಡಬ್ಬಿಗಳೊಳಗೆ ಇಲ್ಲ. ಹಿರೋಷಿಮಾದಲ್ಲಿ ಸತ್ತವರಲ್ಲಿ ಕೊರಿಯಾದಿಂದ ಕರೆತಂದ ಕೂಲಿಗಳೂ ಬಹಳ ಜನ ಇದ್ದರು. ಅದೂ ಇಲ್ಲಿ ಕಾಣುವುದಿಲ್ಲ. ಇದನ್ನು ಹೇಳಿದರೆ ಹಿರೋಷಿಮಾದ ನೋವು ಕಡಿಮೆಯಾಗುತ್ತದೆ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ತನ್ನ ಸರ್ಕಾರದ ಯುದ್ಧವನ್ನು ಒಪ್ಪದ, ಅದರ ಸಿನಿಮಾ ಕಾನೂನನ್ನು ವಿರೋಧಿಸಿ ಜೈಲಿಗೆ ಹೋದ ಇವಾಸಾಕಿ ಅವರ ಫಿಲ್ಮನ್ನು ತೋರಿಸುವಾಗ ಆ ಯುದ್ಧವನ್ನು ಮುಚ್ಚಿಟ್ಟರೆ ಅವರಿಗೇ ಅನ್ಯಾಯ. ಚಿತ್ರ 16 ನಿಮಿಷದ್ದೇ ಆದರೂ ಮಾತಿಗೆ ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳಿ.